ಉಣ್ಣೆಗೆ ನಲವತ್ತು ಅಡಿ

ನಮ್ಮದು ಉದಗೀರದಲ್ಲಿ ಬೇಳೆ ವ್ಯಾಪಾರ. ಅಜ್ಜನ ಕಾಲದಿಂದ ತೊಗರಿ, ಕಡಲೆ, ಉದ್ದು ಬಿಟ್ಟು ಬೇರೆ ಮಾಲು ಮುಟ್ಟಿದವರಲ್ಲ. ಅಂಗಡಿ ಮುಂದೆ ಯಾವ ಲಾರಿ ನಿಂತರೂ ನಾವು ಕೇಳುವುದು ಒಂದೇ: ಎಷ್ಟು ಟನ್ ಹೊರುತ್ತದೆ? ಉದ್ದ, ಅಗಲ, ಎತ್ತರ ಕೇಳಿದವರೇ ಇಲ್ಲ. ಬೇಳೆ ತೂಕದ ಮಾಲು. ಟ್ರೇಲರಿನ ಅರ್ಧ ಎತ್ತರಕ್ಕೆ ಚೀಲ ಬರುವಷ್ಟರಲ್ಲಿ ಹೊರುವ ತೂಕ ಮುಗಿದಿರುತ್ತದೆ, ಮೇಲೆಲ್ಲ ಬರೀ ಗಾಳಿ.

ಹೋದ ವರ್ಷ ಕಾಸಾರಶಿರಸಿ ಕಡೆಯಿಂದ ಒಬ್ಬ ಕುರುಬರ ಹೆಂಗಸು ಬಂದಳು. ನನಗಿಂತ ಹಿರಿಯಳು, ಅಕ್ಕ ಅಂತಲೇ ಕರೆದೆ. ನಮ್ಮ ಭಾಗದ ಒರಟು ಕರಿ ಉಣ್ಣೆಯನ್ನು ಕೇಳುವವರಿಲ್ಲದೆ ಜನ ಬದುವಿಗೆ ಎಸೆಯುತ್ತಿದ್ದರು. ಈಕೆ ಉತ್ತರದ ಒಂದು ಕಾರ್ಖಾನೆಯವರನ್ನು ಹೇಗೋ ಹುಡುಕಿ, ಹನ್ನೆರಡು ಹಳ್ಳಿ ತಿರುಗಿ, ಎಲ್ಲರ ಉಣ್ಣೆಯನ್ನೂ ಒಟ್ಟಿಗೆ ಕಳಿಸಲು ಒಪ್ಪಿಸಿದ್ದಳು. ಯಾರ ಚೀಲವೂ ತಿರುಗಿ ಬರುವುದಿಲ್ಲ ಎಂದು ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿ ಮಾತು ಕೊಟ್ಟಿದ್ದಳು. ತಿರುಗಿ ಬಂದರೆ ಮುಗಿಯಿತು, ಮುಂದಿನ ವರ್ಷ ಉಣ್ಣೆ ಮತ್ತೆ ಬದುವಿಗೇ.

ಲಾರಿ ಗೊತ್ತು ಮಾಡುವ ಕೆಲಸ ನನ್ನದಾಯಿತು. ಇದ್ದದ್ದು ಏಳು ಟನ್. ಇಪ್ಪತ್ತೈದು ಟನ್ ಹೊರುವ ನಲವತ್ತು ಅಡಿಯ ಟ್ರೇಲರಿಗೆ ಏಳು ಟನ್ ಯಾವ ಲೆಕ್ಕ? ಬೇಕಿದ್ದರೆ ಕುರಿಗಳನ್ನೂ ಹತ್ತಿಸು ಎಂದು ಚೇಷ್ಟೆ ಮಾಡಿದೆ. ಚೀಲಗಳನ್ನು ತುಳಿದು ತುಂಬಬೇಕೇ ಎಂದು ಆಕೆ ಕೇಳಿದಳು. ಸುಮ್ಮನೆ ಯಾಕೆ ತ್ರಾಸು, ಕೈಯಲ್ಲೇ ತುಂಬಿಸು, ಸಾಕು ಎಂದವನೂ ನಾನೇ. ದೊಡ್ಡ ಶಾಣ್ಯಾ!

ಅಷ್ಟುದ್ದದ ಗಾಡಿ ಹಳ್ಳಿಯೊಳಗೆ ತಿರುಗುವುದಿಲ್ಲ. ಯೆಣೆಗೂರಿನ ಹೆದ್ದಾರಿ ಪಕ್ಕ ಒಂದು ಢಾಬಾದ ಬಯಲಿನಲ್ಲಿ ನಿಲ್ಲಿಸಿದೆವು. ಬೆಳಿಗ್ಗೆಯಿಂದ ಟ್ರ್ಯಾಕ್ಟರುಗಳಲ್ಲಿ ಚೀಲ ಬಂದವು. ಮಧ್ಯಾಹ್ನಕ್ಕೆ ಟ್ರೇಲರ್ ಭರ್ತಿ. ಎಂಟು ಅಡಿ ಅಗಲ, ಎಂಟು ಅಡಿ ಎತ್ತರ, ಎಲ್ಲೂ ಬೆರಳು ತೂರುವಂತಿಲ್ಲ. ತೂಕ ಆರು ಟನ್ನೂ ಆಗಿಲ್ಲ, ಕೆಳಗೆ ಇನ್ನೂ ಎಂಬತ್ತು ಚೀಲ ಕೂತಿವೆ.

ಎತ್ತರ ಮೀರಿದರೆ ದಾರಿಯಲ್ಲಿ ಹಿಡಿಯುತ್ತಾರೆ, ಒಂದು ಗೇಣೂ ಏರಿಸಲಾರೆ, ಸಂಜೆಗೆ ಹೊರಡಲೇಬೇಕು ಎಂದ ಚಾಲಕ. ನಾನು ಅವನ ಮೇಲೆ ಹರಿಹಾಯ್ದೆ. ತಪ್ಪು ನನ್ನದಾದಾಗ ನನ್ನ ದನಿ ಯಾವಾಗಲೂ ಜೋರು.

"ಸಾವಕಾರ್ರ, ಅಂವಗ್ಯಾಕ ಬೈತೀರಿ?" ಎಂದಳು ಆಕೆ. "ತೊಗರಿ ಅಳದಂಗ ಉಣ್ಣಿ ಅಳದೀರಿ ನೀವ."

ಹಾಗಂದವಳೇ ಸೀರೆಯ ಸೆರಗು ಸಿಕ್ಕಿಸಿ ಜನರನ್ನು ಕೂಗಿದಳು. ಬೇವಿನ ಕೊಂಬೆಗಳಿಗೆ ಚೀಲಗಳನ್ನು ಬಾಯಿ ತೆರೆದು ಕಟ್ಟಿದರು. ಒಬ್ಬೊಬ್ಬರು ಒಳಗಿಳಿದು ನಿಂತರು. ಮೇಲಿನಿಂದ ಉಣ್ಣೆ ಹಾಕಿದಂತೆ ತುಳಿಯುತ್ತ ಹೋದರು. ಎರಡು ಚೀಲದ ಮಾಲು ಒಂದಕ್ಕೇ ಇಳಿಯುತ್ತಿತ್ತು. ಆದರೆ ಅಷ್ಟು ಸಾಲದು. ತುಳಿದದ್ದಕ್ಕೆ ಜಾಗ ಬೇಕಲ್ಲ, ಏರಿಸಿದ್ದರಲ್ಲೂ ಹಿಂದಿನ ಸಾಲುಗಳನ್ನು ಇಳಿಸಿ ತುಳಿಯಬೇಕಾಯಿತು. ಸುಮ್ಮನೆ ನಿಲ್ಲಲು ನಾಚಿಕೆಯಾಗಿ ನಾನೂ ಒಂದು ಚೀಲಕ್ಕೆ ಇಳಿದೆ. ಮೂಗಿನ ತುಂಬ ಕುರಿ ವಾಸನೆ, ಅಂಗಿಯೊಳಗೆಲ್ಲ ತುರಿಕೆ. ಬೇಳೆ ಸಾವಕಾರ ಚೀಲದೊಳಗೆ ಕುಣಿಯುವುದನ್ನು ನೋಡಿ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು.

ಹೊತ್ತು ಇಳಿಯಿತು. ಚಾಲಕ ಹಗ್ಗ ಬಿಗಿಯತೊಡಗಿದ. ಎಲ್ಲ ಏರಿತ್ತು, ಒಂದು ಚೀಲ ಮಾತ್ರ ನೆಲದ ಮೇಲಿತ್ತು. ಎಷ್ಟು ಒತ್ತಿದರೂ ಅದಕ್ಕೆ ಜಾಗವಾಗಲಿಲ್ಲ. ಇಷ್ಟು ಮಾಡಿಯೂ ಆಕೆಯ ಮಾತು ಕೆಡಿಸಿದೆನಲ್ಲ. ಯಾರದು ಯಕ್ಕಾ, ನಾನೇ ಅವರ ಮನೆಗೆ ಹೋಗಿ ಕೈಮುಗಿಯುತ್ತೇನೆ ಎಂದೆ.

"ಯಾರ ಮನಿಗೂ ಹೋಗೂದು ಬ್ಯಾಡ್ರಿ. ಅದು ನಂದು," ಎಂದಳು. "ಬೇಕಂತನ ಹಿಂದ ಇಟ್ಟಿದ್ದೆ. ನಾ ಮಾತ ಕೊಟ್ಟಿದ್ದು ಮಂದಿಗಿ, ನನಗಲ್ಲ."

ಆ ಚೀಲವನ್ನು ಮರುವಾರ ಉತ್ತರಕ್ಕೆ ಹೊರಟ ನಮ್ಮ ಬೇಳೆ ಲಾರಿಯ ಮೇಲೆ ಕಳಿಸಿದೆ.

ಈ ವರ್ಷ ಹದಿನೆಂಟು ಹಳ್ಳಿಯವರು ಉಣ್ಣೆ ಕೊಡುತ್ತಿದ್ದಾರೆ. ಎರಡು ಟ್ರೇಲರ್ ಗೊತ್ತು ಮಾಡಿದ್ದೇನೆ, ನಾನೇ ಟೇಪು ಹಿಡಿದು ಅಳೆದು. ಮೊದಲು ಏರುವುದು ಆಕೆಯ ಚೀಲ ಎಂದು ಹಟ ಹಿಡಿದಿದ್ದೇನೆ. ಆಕೆ ಇನ್ನೂ ಒಪ್ಪಿಲ್ಲ.