ಎದುರುಮನೆ ಮೇಡಂ ಅವರ ಉಪವಾಸ

ಅತ್ತಿಗುಪ್ಪೆ ಮೆಟ್ರೊ ಕೆಳಗೆ ಸೊಪ್ಪು ಮಾರುವವಳು ಒಂದೆಲಗದ ಕಟ್ಟನ್ನು ನೀರಿಗೆ ಅದ್ದಿ ಎತ್ತಿದಳು. ಆ ಹಸಿ ಮಣ್ಣಿನ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. “ತಗೊಳ್ಳಿ ಆಂಟಿ, ಜ್ಞಾಪಕಶಕ್ತಿಗೆ ಒಳ್ಳೇದು” ಅಂದಳು. ನಮ್ಮ ಎದುರುಮನೆ ಮೇಡಂ ನೆನಪಾದರು...

ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾಗಿದ್ದವರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಅವರ ತಾಯಿ ಕೊನೆಗಾಲದಲ್ಲಿ ಮಗಳನ್ನೇ ಮರೆತು, “ಯಾರಮ್ಮ ನೀನು?” ಅಂತ ಕೇಳಿದ್ದರಂತೆ. ಆ ಮಾತು ಮೇಡಂ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಸಾವಿಗೆ ಹೆದರುತ್ತಿರಲಿಲ್ಲ, ಮರೆವಿಗೆ ಹೆದರುತ್ತಿದ್ದರು.

ಅದಕ್ಕೇ ಅವರ ತಟ್ಟೆ ನಮ್ಮದರ ಹಾಗಿರಲಿಲ್ಲ. ಸಕ್ಕರೆ ಇಲ್ಲ, ಕರಿದದ್ದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಒಂದೆಲಗದ ಚಟ್ನಿ, ನೆನೆಸಿದ ಕಾಳು, ನಾಲ್ಕು ಅಕ್ರೋಟು. ಆಗಾಗ ಇಡೀ ದಿನ ಉಪವಾಸ. ತಿಂಡಿಪೋತಿಯಾದ ನಾನು ದೀಪಾವಳಿಗೆ ಕಜ್ಜಾಯ ತೆಗೆದುಕೊಂಡು ಹೋದರೆ ಬಾಗಿಲಲ್ಲೇ ಪಾಠ ಶುರು.

“ಮೆದುಳಲ್ಲೂ ಕಾಂಡಕೋಶ ಇರ್ತವೆ ಕಣೇ. ಹೊಸ ಕೋಶ ಹುಟ್ಟಿಸೋದು ಅವೇ. ಸಿಕ್ಕಿದ್ದೆಲ್ಲ ತಿಂತಾ ಇದ್ರೆ ಬೇಗ ಮುದಿಯಾಗ್ತವೆ. ಮಿತವಾಗಿ ತಿಂದ್ರೆ ಚುರುಕಾಗಿರ್ತವೆ ಅಂತ ಇಲಿಗಳಲ್ಲಿ ನೋಡಿದ್ದಾರೆ.”

“ನೀವೇನು ಇಲಿನಾ ಮೇಡಂ?”

“ಇಲಿಗಳು ಪುಣ್ಯ ಮಾಡಿದ್ವು. ಎದುರುಮನೇಲಿ ನಿನ್ನಂಥವಳು ಇರಲಿಲ್ಲ” ಅಂತ ನಕ್ಕು ಡಬ್ಬಿ ವಾಪಸ್ ಕೊಡುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಆಮೇಲೆ ಅವರು ಸೊರಗತೊಡಗಿದರು. ರವಿಕೆ ತೋಳು ಸಡಿಲವಾಯಿತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಊಟಕ್ಕೆ ಕರೆದರೆ, “ಇವತ್ತು ನಂದು ಉಪವಾಸ ಕಣೇ” ಅನ್ನುತ್ತಿದ್ದರು. ಉಪವಾಸ ಅಂದವರಿಗೆ ಒತ್ತಾಯ ಮಾಡುವುದು ನಮ್ಮಲ್ಲಿ ಇಲ್ಲವೇ ಇಲ್ಲ, ವ್ರತ ಕೆಡಿಸಿದ ಪಾಪ ಬರುತ್ತದೆ ಅಂತ. ಎದುರಿಗಿಟ್ಟ ತಟ್ಟೆಯನ್ನು ನಾವೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಬೀದಿಯ ಹೆಂಗಸರೆಲ್ಲ ಅವರ ಮನೋಬಲವನ್ನು ಹೊಗಳಿದ್ದೇ ಹೊಗಳಿದ್ದು.

ಒಂದು ಭಾನುವಾರ ತಂಗಿ ಬಡಿಸುತ್ತಿದ್ದಳು, ನಾನೂ ಅಲ್ಲೇ ಇದ್ದೆ. ಮೇಡಂ ಎಂದಿನಂತೆ ಉಪವಾಸ ಅಂದರು.

“ಯಾವ ಉಪವಾಸ ಅಕ್ಕ? ನಿನ್ನೆನೂ ಅದೇ ಅಂದೆ.”

“ನಿನ್ನೆ...?” ಮೇಡಂ ತಂಗಿಯ ಮುಖ ನೋಡಿದರು, ಆಮೇಲೆ ನನ್ನ ಮುಖ. “ನಾನು ಊಟ ಮಾಡಿದ್ನಾ?” ಅಂತ ನಮ್ಮನ್ನೇ ಕೇಳಿದರು. ನಮಗೆ ಆಗ ಹೊಳೆಯಿತು. ಅವರು ಉಪವಾಸ ಮಾಡುತ್ತಿರಲಿಲ್ಲ... ಊಟ ಮಾಡುವುದನ್ನೇ ಮರೆತಿದ್ದರು. ಯಾಕೆ ತಿಂದಿಲ್ಲ ಅಂತ ಕೇಳಿದಾಗಲೆಲ್ಲ ಬಾಯಿಗೆ ರೂಢಿಯಾಗಿದ್ದ ಆ ಒಂದು ಮಾತು ಹೊರಗೆ ಬರುತ್ತಿತ್ತು. ನಾವೆಲ್ಲ ಅದಕ್ಕೆ ಕೈಮುಗಿಯುತ್ತಿದ್ದೆವು.

ತಂಗಿ ಕರೆದುಕೊಂಡು ಹೋಗಿ ತೋರಿಸಿದಾಗ, ಇದು ಮರೆವಿನ ಕಾಯಿಲೆ, ಅವರ ಪಥ್ಯ ತಪ್ಪಲ್ಲ ಅಂದರು ಡಾಕ್ಟರು. ಅದರಿಂದ ಕಾಯಿಲೆ ಒಂದಷ್ಟು ವರ್ಷ ಮುಂದಕ್ಕೆ ಹೋಗಿದ್ದರೂ ಹೋಗಿರಬಹುದು, ಹೇಳಲಾಗದು. ಆದರೆ ತಾಯಿಯಿಂದ ಬಂದದ್ದನ್ನು ಊಟವೊಂದೇ ತಡೆಯಲಾರದು ಅಂದರು. ಇಷ್ಟು ವರ್ಷ ಬಾಯಿ ಕಟ್ಟಿದವರಿಗೆ ಇದು ನ್ಯಾಯವೇ?

ಮುಂದಿನ ದೀಪಾವಳಿಗೆ ಕಜ್ಜಾಯ ಮಾಡಿ ಹೋದೆ. ಪಾಠವಿಲ್ಲ, ತಕರಾರಿಲ್ಲ. ಒಂದನ್ನು ಪೂರ್ತಿ ತಿಂದು ಬೆರಳಿಗೆ ಅಂಟಿದ ಗಸಗಸೆಯನ್ನೂ ನೆಕ್ಕಿದರು. ಇಷ್ಟು ಇಷ್ಟವಿದ್ದದ್ದನ್ನು ಅಷ್ಟು ಕಾಲ ಹೇಗೆ ಬಿಟ್ಟಿದ್ದರೋ! ಎರಡನೆಯದನ್ನು ಮುರಿದು ಅರ್ಧವನ್ನು ನನ್ನ ಅಂಗೈಯಲ್ಲಿಟ್ಟರು.

“ಇದನ್ನ ನಮ್ಮಮ್ಮಂಗೆ ಕೊಡ್ತೀರಾ? ನಾನು ಕೊಟ್ರೆ ತಗೊಳಲ್ಲ... ನಾನು ಯಾರು ಅಂತಾನೇ ಅವ್ರಿಗೆ ಮರ್ತುಹೋಗಿದೆ.”

ಕೊಡ್ತೀನಿ ಅಂದೆ. ಬೀದಿ ದಾಟುವಾಗ ಕಣ್ಣು ಕಾಣಿಸಲಿಲ್ಲ.

ಅವರು ತೀರಿಕೊಂಡರು. ತಂಗಿ ಮನೆ ಮಾರಿ ಕೆಂಗೇರಿ ಕಡೆ ಹೋದಳು. ಇವತ್ತು ಆ ಒಂದೆಲಗ ತಂದು ಚಟ್ನಿ ರುಬ್ಬಿದ್ದೇನೆ, ಅಡುಗೆಮನೆಯೆಲ್ಲ ಅದೇ ವಾಸನೆ. ಈಗ ಯಾರಾದರೂ ಉಪವಾಸ ಅಂದರೆ ನಾನು ತಟ್ಟೆ ಹಿಂದಕ್ಕೆ ತೆಗೆಯುವುದಿಲ್ಲ, ಯಾವ ಉಪವಾಸ ಅಂತ ಕೇಳುತ್ತೇನೆ. ಮಡಿ ಹೆಂಗಸರು ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ. ಕೇಳಬೇಕಾಗಿದ್ದವರನ್ನು ಕೇಳಲಿಲ್ಲವಲ್ಲ...