ಅತ್ತೆಯ ಮೆಚ್ಚಿನ ಇಂಗ್ಲಿಷ್ ಪದ

ಟಾಲಿಗಂಜ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದುರ್ಗಾಪೂಜೆ ಮುಗಿದ ಮೇಲೆ ಎಲ್ಲ ಮನೆಯವರೂ ಸೇರುವ ಒಂದು ಸಂಜೆ ಇರುತ್ತದೆ. ಹಾಡು, ಸಂದೇಶ್ ಎಂಬ ಬಂಗಾಳಿ ಸಿಹಿ, ಮೈಕು. ಕಳೆದ ವರ್ಷ ಸಂಘದ ಕಾರ್ಯದರ್ಶಿಗೆ ಹೊಸ ಆಟವೊಂದು ಹೊಳೆದಿತ್ತು. ಪ್ರತಿಯೊಬ್ಬರೂ ತಮಗೆ ತುಂಬಾ ಇಷ್ಟವಾದ ಇಂಗ್ಲಿಷ್ ಪದ ಹೇಳಬೇಕು, ಯಾಕೆ ಇಷ್ಟ ಅಂತಲೂ ಹೇಳಬೇಕು. ಗೆದ್ದವರಿಗೆ ಬಹುಮಾನ.

ನಿವೃತ್ತ ಪ್ರೊಫೆಸರರೊಬ್ಬರು ‘ಸೆರೆಂಡಿಪಿಟಿ’ ಎಂದರು. ನಮ್ಮ ಮೇಲಿನ ಮನೆಯ ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು ‘ಪೆಟ್ರಿಕೋರ್’ ಎಂದರು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಹಾಗೆನ್ನುತ್ತಾರಂತೆ. ಬ್ಯಾಂಕಿನವಳಾದ ನಾನು ‘ಲೀವ್’ ಎಂದೆ. ಎಲ್ಲರೂ ನಕ್ಕರು.

ಆಮೇಲೆ ಮೈಕು ನನ್ನ ಅತ್ತೆಯ ಮುಂದೆ ಬಂತು. ಅವರು ಉಡುಪಿ ಕಡೆಯವರು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ. ಒಂದಿಷ್ಟೂ ಅಳುಕದೆ, “ಲೇಡೀಸ್” ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಮಾಸಿಮಾ, ವೈ ಲೇಡೀಸ್? ವೈ ನಾಟ್ ಜೆಂಟ್ಸ್?” ಎಂದ ಕಾರ್ಯದರ್ಶಿ. ಸಭೆಯೆಲ್ಲ ನಕ್ಕಿತು.

ಅತ್ತೆ ಕನ್ನಡದಲ್ಲೇ ಹೇಳಿದರು: “ಇಲ್ಲಿ ಬಸ್ಸಿಂದ ಇಳಿಯುವಾಗ ಕಂಡಕ್ಟ್ರು ‘ಆಸ್ತೇ, ಲೇಡೀಸ್!’ ಅಂತ ಕೂಗ್ತಾನೆ. ನಿಧಾನ, ಹೆಂಗಸ್ರು ಇಳೀತಿದ್ದಾರೆ ಅಂತ. ನನ್ನ ಎರಡು ಕಾಲೂ ನೆಲಕ್ಕೆ ಊರುವವರೆಗೆ ಅಷ್ಟು ದೊಡ್ಡ ಬಸ್ಸು ಕಾಯ್ತದೆ. ಹಿಂದೆ ಊರಲ್ಲಿ ಒಮ್ಮೆ ನಾನು ಇಳಿಯುವ ಮೊದಲೇ ಬಸ್ಸು ಹೊರಟಿತ್ತು. ಈ ನನ್ನ ಮಗ ಆಗ ಕೂಸು, ಸೊಂಟದಲ್ಲಿದ್ದ. ಮುಖ ಅಡಿಯಾಗಿ ಬಿದ್ದೆ, ಮುಂದಿನ ಹಲ್ಲು ಹೋಯ್ತು. ಇವನಪ್ಪ ರಸ್ತೆಯಲ್ಲೇ ನಂಗೆ ಬೈದ್ರು, ಇಳಿಲಿಕ್ಕೂ ಬರುದಿಲ್ವಾ ನಿಂಗೆ ಅಂತ. ಹಾಗಾಗಿ ಆ ಶಬ್ದ ಕೇಳಿದ್ರೆ ನಂಗೆ ಖುಷಿ.”

ಅದನ್ನು ಇಂಗ್ಲಿಷಿನಲ್ಲಿ ಹೇಳಲು ಎದ್ದವರು ನನ್ನ ಗಂಡ. “ಬಂಗಾಳದಲ್ಲಿ ಹೆಂಗಸರಿಗೆ ಸಿಗುವ ಗೌರವ ನೋಡಿ ಅಮ್ಮನಿಗೆ ಈ ಪದ ಇಷ್ಟವಾಯಿತಂತೆ” ಎಂದಷ್ಟೇ ಹೇಳಿ ಕೂತರು. ಚಪ್ಪಾಳೆಯೋ ಚಪ್ಪಾಳೆ.

ನನ್ನ ಮೈಯೆಲ್ಲ ಉರಿದುಹೋಯಿತು. ಅಂದು ಬೀಳುವಾಗ ಅತ್ತೆ ಕೈಯೂರಿದ್ದರೆ ಹಲ್ಲು ಉಳಿಯುತ್ತಿತ್ತೋ ಏನೋ. ಊರಲಿಲ್ಲ, ಎರಡೂ ಕೈಯಲ್ಲಿ ಮಗುವನ್ನು ಅವುಚಿಕೊಂಡಿದ್ದರು. ಆ ಮಗು ಬೆಳೆದು, ಇಸ್ತ್ರಿ ಮಾಡಿದ ಕುರ್ತಾ ತೊಟ್ಟು, ತಾಯಿಯ ಬಾಯಿಂದ ಬಂದ ಮಾತನ್ನು ನಾಲ್ಕು ಜನರೆದುರು ಅಳಿಸಿಹಾಕಿತ್ತು.

“ಎಂತ ಹೇಳಿದ ಅವ? ಇಷ್ಟು ಬೇಗ ಮುಗೀತಾ?” ಅತ್ತೆ ನನ್ನನ್ನು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ಬಿಗಿಯಿತು. “ಬಿದ್ದದ್ದು ಹೇಳ್ಲಿಲ್ವಾ? ಹಾಗಾದ್ರೆ ನೀನು ಹೇಳು.”

ಮೈಕು ಅಷ್ಟರಲ್ಲಿ ಮುಂದಿನವರ ಕೈಗೆ ಹೋಗಿತ್ತು. ಹೋಗಿ ಇಸಿದುಕೊಂಡೆ. “ಮ್ಯಾಡಂ, ಟೈಮ್...” ಎಂದು ಕಾರ್ಯದರ್ಶಿ ಅಡ್ಡ ಬಂದ. “ನಗುವುದಕ್ಕೆ ಟೈಮ್ ಇತ್ತಲ್ಲ!” ಎಂದೆ. ಹಿಂದಿ, ಇಂಗ್ಲಿಷ್, ನನ್ನ ಹರಕು ಬಂಗಾಳಿ ಎಲ್ಲ ಬೆರೆಸಿ ಒಂದೂ ಬಿಡದೆ ಹೇಳಿದೆ. ಹಲ್ಲು, ರಸ್ತೆ, ಮಾವನ ಬೈಗುಳ. ಈ ಸಲ ಯಾರೂ ನಗಲಿಲ್ಲ. ಡಾಕ್ಟರಮ್ಮ ಎದ್ದು ಬಂದು ಅತ್ತೆಯ ಪಕ್ಕ ಕೂತರು. ಕಾರ್ಯದರ್ಶಿ, “ವೆರಿ ಟಚಿಂಗ್” ಎಂದು ಪ್ರೊಫೆಸರರಿಗೆ ಬಹುಮಾನ ಕೊಟ್ಟ. ಟಚಿಂಗಂತೆ!

ಲಿಫ್ಟಿನಲ್ಲಿ ಗಂಡ ಬಾಯಿಬಿಟ್ಟರು. “ಅಪ್ಪನ ವಿಷಯ ಎಲ್ಲ ಅಷ್ಟು ಜನರ ಎದುರು ಬೇಕಿತ್ತಾ? ನನ್ನ ಮರ್ಯಾದೆ ಹೋಯ್ತು.”

ನಾನು ತಿರುಗುವ ಮೊದಲೇ ಅತ್ತೆ ಅಂದರು: “ಬಿದ್ದದ್ದು ನಾನು. ಬೈಸಿಕೊಂಡದ್ದೂ ನಾನು. ನಿನ್ನ ಮರ್ಯಾದೆ ಎಲ್ಲಿಂದ ಬಂತು ಮಾರಾಯ ಮಧ್ಯದಲ್ಲಿ?”

ಮರುದಿನ ಬೆಳಿಗ್ಗೆ ಗಂಡ ಕಾಫಿ ಕುಡಿಯುತ್ತಾ, “ಸಾರಿ, ನಾನು ಹಾಗೆ ಮಾಡಬಾರದಿತ್ತು” ಎಂದರು ನನಗೆ.

“ನನಗೆ ಯಾಕೆ ಹೇಳ್ತೀರಿ?” ಎಂದು ಅಡುಗೆಮನೆಯ ಕಡೆ ಕೈ ತೋರಿಸಿದೆ. ಅತ್ತೆ ಅಲ್ಲಿ ದೋಸೆ ಹುಯ್ಯುತ್ತಿದ್ದರು. ಗಂಡ ಆ ಕಡೆ ಒಮ್ಮೆ ನೋಡಿ ಪೇಪರ್ ಎತ್ತಿಕೊಂಡರು. ವರ್ಷವಾಗುತ್ತ ಬಂತು, ಇನ್ನೂ ಹೇಳಿಲ್ಲ.