ನಕ್ಷೆಯಲ್ಲಿ ಕೆಂಪಾದ ತಿರುವು

ಐದಾರು ವರ್ಷಗಳ ಹಿಂದೆ ನಾನು ಪಶ್ಚಿಮ ಬೆಂಗಳೂರಿನ ಕುಡಿಯುವ ನೀರಿನ ಯೋಜನೆಯೊಂದರಲ್ಲಿ ಕಾರ್ಯಪಾಲಕ ಎಂಜಿನಿಯರ್ ಆಗಿದ್ದೆ. ಕಚೇರಿ ರಾಜಾಜಿನಗರದಲ್ಲಿ. ನೀರಿನ ಕೊಳವೆ, ಒಳಚರಂಡಿ, ಬೋರ್‌ವೆಲ್‌ಗಳನ್ನೆಲ್ಲ ಒಂದೇ ನಕ್ಷೆಯ ಮೇಲೆ ತಂದು, ಎಲ್ಲಿ ಏನು ಮಾಡಬೇಕೆಂದು ಸೂಚಿಸುವ ಜಿಐಎಸ್ ಸಾಫ್ಟ್‌ವೇರ್ ಆರಿಸುವ ಹೊಣೆ ನನಗೆ ಬಂತು.

ಕೊನೆಗೆ ಉಳಿದದ್ದು ಎರಡು. ಒಂದು, ಕಂಪನಿಯಿಂದ ಲೈಸೆನ್ಸ್ ಪಡೆಯಬೇಕಾದದ್ದು. ಇನ್ನೊಂದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಿ ತಮಗೆ ತಕ್ಕಂತೆ ತಿದ್ದಿಕೊಳ್ಳಬಹುದಾದದ್ದು. ನಿಜವಾದ ಸಮಸ್ಯೆಯ ಮೇಲೆಯೇ ಎರಡನ್ನೂ ಪರೀಕ್ಷಿಸೋಣವೆಂದು ಕಾಮಾಕ್ಷಿಪಾಳ್ಯದ ಒಂದು ಬೀದಿಯನ್ನು ಆರಿಸಿದೆ. ಅಲ್ಲಿ ನಲ್ಲಿ ನೀರು ವಾಸನೆ ಬರುತ್ತಿತ್ತು.

ದೂರು ಕೊಟ್ಟವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಮಂಜುಳಾ. ಅವಳ ಮಗಳು ಕಾಮಾಲೆಯಾಗಿ ಆಸ್ಪತ್ರೆಯಲ್ಲಿದ್ದಳು. ನಾನು ಹೋದಾಗ ಮಂಜುಳಾ ಬಿಂದಿಗೆಯ ನೀರನ್ನು ಲೋಟಕ್ಕೆ ಬಗ್ಗಿಸಿ ತೋರಿಸಿದಳು. ಮೂಗಿನ ಹತ್ತಿರ ತರಬೇಕಾದ ಅಗತ್ಯವೇ ಇರಲಿಲ್ಲ.

"ಕಾಯಿಸಿದ್ರೂ ವಾಸನೆ ಹೋಗಲ್ಲ ಮೇಡಂ. ಎಲ್ಲಿ ಒಡೆದಿದೆ ಅಂತ ಗೊತ್ತಾಗುತ್ತಾ?"

"ಗೊತ್ತಾಗುತ್ತೆ," ಎಂದೆ.

ಹಳೆಯ ಡ್ರಾಯಿಂಗ್‌ಗಳು, ಬಂದ ದೂರುಗಳು, ನೆಲದ ಇಳಿಜಾರು ಎಲ್ಲವನ್ನೂ ತುಂಬಿದೆವು. ಎರಡು ಸಾಫ್ಟ್‌ವೇರ್‌ಗಳೂ ಒಂದೇ ಜಾಗವನ್ನು ಕೆಂಪಾಗಿ ತೋರಿಸಿದವು: ಬೀದಿಯ ತಿರುವಿನಲ್ಲಿ ಒಳಚರಂಡಿ, ನೀರಿನ ಕೊಳವೆಯ ಮೇಲೆ ಹಾದುಹೋಗುವ ಕಡೆ. ನಮ್ಮ ಸಿಬ್ಬಂದಿಗೆ ಸುಲಭವೆನಿಸಿದ ಓಪನ್ ಸೋರ್ಸನ್ನೇ ಶಿಫಾರಸು ಮಾಡಿದೆ. ಇಲಾಖೆಯ ಆಯ್ಕೆ ಸಮಿತಿ ಮೆಚ್ಚಿ ಒಪ್ಪಿತು.

ಅಗೆಯಲು ಅನುಮತಿ ಮಾತ್ರ ಸಿಗಲಿಲ್ಲ. ರಸ್ತೆ ಬೇರೆ ಇಲಾಖೆಯದು, ಆಗಷ್ಟೇ ಡಾಂಬರು ಕಂಡಿತ್ತು. ಆ ಇಲಾಖೆಗೆ ಕೋರಿಕೆ ಕಳಿಸಿರೆಂದು ಕೇಳಲು ನಕ್ಷೆ ಹಿಡಿದು ನಮ್ಮ ಮೇಲಧಿಕಾರಿಯ ಬಳಿ ಹೋದೆ.

"ಇದ್ರಲ್ಲಿ 'ಸಂಭಾವ್ಯ' ಅಂತಿದೆಯಲ್ಲ ಮೇಡಂ. ಅಗೆದು ಏನೂ ಸಿಗ್ಲಿಲ್ಲ ಅಂದ್ರೆ ಉತ್ತರ ಕೊಡೋರು ಯಾರು?"

"ಅಗೆಯದೆ ಖಚಿತ ಆಗೋದು ಹೇಗೆ ಸಾರ್?"

ಅವರು ಕೆಟ್ಟವರಲ್ಲ, ಹಿಂದೊಮ್ಮೆ ಇಂಥದ್ದಕ್ಕೇ ನೋಟಿಸ್ ಪಡೆದವರು. ಆ ನೀರಿನ ಲೈನ್ ಮುಚ್ಚಿಸಿದರೆ ಸುತ್ತಲಿನ ಬೀದಿಗಳಿಗೂ ನೀರಿಲ್ಲ, ಹಾಗಾಗಿ ಅದಕ್ಕೂ ಒಪ್ಪಲಿಲ್ಲ. ಟ್ಯಾಂಕರ್ ಕಳಿಸಿದೆವು. ಅದು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ನಾನು ಪತ್ರದ ಮೇಲೆ ಪತ್ರ ಬರೆಯುತ್ತಾ ಕುಳಿತೆ.

ಮಂಜುಳಾ ಫೋನ್ ಮಾಡಿದಳು. "ಗೊತ್ತಾಯ್ತಾ ಮೇಡಂ?"

"ಗೊತ್ತಾಗಿದೆ. ಪರ್ಮಿಷನ್ ಬರ್ಬೇಕು."

"ಗೊತ್ತಿಲ್ಲ ಅಂದಿದ್ರೆ ಸುಮ್ನಾದ್ರೂ ಇರ್ತಿದ್ದೆ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು.

ಬೀದಿಯ ಇನ್ನಷ್ಟು ಮಕ್ಕಳು ಕಾಮಾಲೆಯಿಂದ ಹಾಸಿಗೆ ಹಿಡಿದ ಮೇಲೆ ಅನುಮತಿ ಬಂತು. ಒಡಕು ನಕ್ಷೆ ತೋರಿಸಿದ ಜಾಗದಲ್ಲೇ ಇತ್ತು. ಅರ್ಧ ದಿನದ ಕೆಲಸ. ಹೇಳಲು ಮಂಜುಳಾಳ ಮನೆಗೆ ಹೋದರೆ ಬೀಗ. ನಾಯಂಡಹಳ್ಳಿಗೆ ಬಾಡಿಗೆಗೆ ಹೋದರೆಂದು ಪಕ್ಕದವರು ತಿಳಿಸಿದರು. ಫೋನ್ ಮಾಡಿ, ಕೊಳವೆ ಸರಿಯಾಯಿತೆಂದೆ.

"ಮಗಳು ಮನೆಗೆ ಬಂದಿದ್ದಾಳೆ. ಇನ್ನೂ ಗಂಜೀನೇ ಕುಡೀತಿದ್ದಾಳೆ," ಎಂದಳು. "ಮಾಡಿದ್ರಲ್ಲ, ಒಳ್ಳೇದಾಯ್ತು ಬಿಡಿ."

ಈಗ ನಾನು ನಿವೃತ್ತೆ. ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ಕಿರಿಯ ಎಂಜಿನಿಯರುಗಳು ಆಗಾಗ ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಆಮೇಲೆ ಒಂದು ಮಾತು ಕೇಳುತ್ತೇನೆ: ನಕ್ಷೆ ಜಾಗ ತೋರಿಸಿದ ದಿನ, ಅಗೆಯಿರಿ ಎಂದು ಹೇಳುವವರು ನಿಮ್ಮ ಕಚೇರಿಯಲ್ಲಿ ಯಾರಿದ್ದಾರೆ? ಅದನ್ನು ತಿಳಿದುಕೊಂಡು ಸಾಫ್ಟ್‌ವೇರ್ ಆರಿಸಬೇಕೆಂಬುದೇ ನನ್ನ ವೃತ್ತಿ ಕಲಿಸಿದ ಪಾಠ. ಹೆಚ್ಚಿನವರು ಮತ್ತೆ ಸಾಫ್ಟ್‌ವೇರ್‌ನ ಮಾತಿಗೇ ಮರಳುತ್ತಾರೆ. ಅವರನ್ನು ದೂರಲಾರೆ.